ಕೂಸಿನ ಪಟ, ಕಾಣದ ಕೈ

ನೂರೈವತ್ತು ವರ್ಷಗಳ ಹಿಂದೆ ಇಂಗ್ಲೆಂಡು, ಅಮೆರಿಕಗಳಲ್ಲಿ ತೆಗೆದ ಎಳೆಗೂಸುಗಳ ಫೋಟೋಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದರೆ ಮೊದಲು ನಗು ಬರುತ್ತದೆ, ಆಮೇಲೆ ಸಣ್ಣಗೆ ಭಯವಾಗುತ್ತದೆ. ಉದ್ದನೆಯ ಬಿಳಿ ಅಂಗಿ ತೊಟ್ಟ ಕೂಸು ಕುರ್ಚಿಯ ಮೇಲೆ ಒರಗಿ ಕೂತಿರುತ್ತದೆ. ಕಣ್ಣು ಬಿಟ್ಟುಕೊಂಡು ನಮ್ಮನ್ನೇ ನೋಡುತ್ತಿರುತ್ತದೆ. ಆದರೆ ಆ ಕುರ್ಚಿ ಕುರ್ಚಿಯ ಹಾಗಿರುವುದಿಲ್ಲ. ಮೇಲೆ ಹೊದಿಸಿದ ಹೂವಿನ ಬಟ್ಟೆಯೊಳಗೆ ಎರಡು ಭುಜ, ಒಂದು ತಲೆ, ಮಡಿಚಿದ ಮೊಣಕಾಲು ಇರುವುದು ಸ್ಪಷ್ಟವಾಗಿ ತಿಳಿಯುತ್ತದೆ. ಕೆಲವು ಪಟಗಳಲ್ಲಿ ಬಟ್ಟೆಯ ಸಂದಿಯಿಂದ ಒಂದು ಕೈ ಹೊರಬಂದು ಕೂಸಿನ ಸೊಂಟವನ್ನು ಹಿಡಿದಿರುತ್ತದೆ. ಆ ಬಟ್ಟೆಯ ಕೆಳಗೆ ಕೂತಿರುವವಳು ತಾಯಿ.

ಇಂಥ ಪಟಗಳು ಒಂದೋ ಎರಡೋ ಅಲ್ಲ. ಲಿಂಡಾ ಫ್ರೆಗ್ನಿ ನಾಗ್ಲರ್ ಎಂಬ ಕಲಾವಿದೆ ವರ್ಷಗಟ್ಟಲೆ ಇವನ್ನೇ ಹುಡುಕಿ ಕೂಡಿಸಿದಳು. 2013ರಲ್ಲಿ ವೆನಿಸ್ ನಗರದ ದೊಡ್ಡ ಕಲಾಪ್ರದರ್ಶನದಲ್ಲಿ ಅವುಗಳನ್ನು ಸಾಲಾಗಿ ಇಟ್ಟಾಗ ಸುಮಾರು ಒಂದು ಸಾವಿರ ಪಟಗಳಿದ್ದವು. ಒಂದು ಸಾವಿರ ಕೂಸು, ಒಂದು ಸಾವಿರ ಮುಸುಕು. 'ಅಡಗಿದ ತಾಯಿ' ಎಂಬ ಹೆಸರು ಈಚಿನವರು ಕೊಟ್ಟದ್ದು. ಆ ಕಾಲದವರಿಗೆ ಅದು ಹೆಸರಿಟ್ಟು ಕರೆಯುವಂಥ ಸಂಗತಿಯೇ ಆಗಿರಲಿಲ್ಲ. ಕೂಸಿನ ಪಟ ತೆಗೆಯುವುದೆಂದರೆ ಹಾಗೆಯೇ, ಅಷ್ಟೆ.

ಹೀಗೆ ಮಾಡಬೇಕಾದದ್ದೇಕೆ ಎಂದರೆ, ಯಂತ್ರ ನಿಧಾನವಾಗಿತ್ತು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ ತನ್ನ ವಿದ್ಯೆಯನ್ನು ಜಗತ್ತಿಗೆ ತಿಳಿಸಿದಾಗ ಬಿಸಿಲಿನಲ್ಲಿ ಒಂದು ಪಟಕ್ಕೆ ಹಲವು ನಿಮಿಷ ಬೇಕಾಗುತ್ತಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಒಳ್ಳೆಯ ಲೆನ್ಸುಗಳು ಬಂದು ಅದು ಒಂದು ನಿಮಿಷಕ್ಕಿಂತ ಕೆಳಗೆ ಇಳಿಯಿತು. 1851ರಲ್ಲಿ ಇಂಗ್ಲೆಂಡಿನ ಆರ್ಚರ್ ಎಂಬಾತ ಗಾಜಿನ ಮೇಲೆ ಹಸಿ ಲೇಪ ಬಳಿದು ಪಟ ತೆಗೆಯುವ ಕ್ರಮ ಕಂಡುಹಿಡಿದ ಮೇಲೆ ಲೆಕ್ಕ ಸೆಕೆಂಡುಗಳಿಗೆ ಬಂತು. ಸೆಕೆಂಡು ಎಂದ ಕೂಡಲೆ ಸಮಾಧಾನಪಡಬೇಡಿ. ಹತ್ತು ಸೆಕೆಂಡು ಅಲ್ಲಾಡದೆ ಕೂತಿರು ಎಂದು ಮೂರು ತಿಂಗಳ ಕೂಸಿಗೆ ಹೇಳಿ ನೋಡಿ. ದೊಡ್ಡವರಿಗಾದರೆ ಸ್ಟುಡಿಯೋಗಳಲ್ಲಿ ಕಬ್ಬಿಣದ ಒಂದು ಕಂಬ ಇರುತ್ತಿತ್ತು. ಅದರ ತುದಿಯ ಇಕ್ಕಳದಂಥ ಕವಲು ತಲೆಯ ಹಿಂಭಾಗವನ್ನು ಹಿಡಿದು ನಿಲ್ಲಿಸುತ್ತಿತ್ತು. ಹಳೆಯ ಪಟಗಳಲ್ಲಿ ಎಲ್ಲರೂ ಏಕೆ ಅಷ್ಟು ಬಿಗಿದುಕೊಂಡು ನಿಂತಿದ್ದಾರೆ ಎಂಬುದಕ್ಕೆ ಇದೂ ಒಂದು ಕಾರಣ. ಎಳೆಗೂಸಿನ ಕತ್ತನ್ನು ಆ ಕವಲಿಗೆ ಕೊಡುವುದಾದರೂ ಹೇಗೆ? ಅದಕ್ಕೇ ಕಬ್ಬಿಣದ ಬದಲು ತಾಯಿ. ಕೆಲವರು ಕೂಸನ್ನು ಅಗಲವಾದ ಪಟ್ಟಿಯಿಂದ ಕುರ್ಚಿಗೆ ಕಟ್ಟಿಬಿಡುತ್ತಿದ್ದರು. ಇನ್ನು ಕೆಲವರು ಕೂಸು ನಿದ್ದೆ ಹೋಗುವವರೆಗೆ ಕಾದು ತೆಗೆಯುತ್ತಿದ್ದರು. ಕಟ್ಟಿಹಾಕಿದರೂ ಕೈಕಾಲು ಸುಮ್ಮನಿರುತ್ತವೆಯೇ? ಎಷ್ಟೋ ಪಟಗಳಲ್ಲಿ ಅಂಗಿಯ ಕಸೂತಿಯ ಒಂದೊಂದು ಎಳೆಯೂ ಕಾಣುತ್ತದೆ, ಕೈಯಿರಬೇಕಾದ ಕಡೆ ಮಾತ್ರ ಹೊಗೆಯಂಥ ಮಸುಕು.

ನಿದ್ದೆಯ ಕೂಸಿನ ಪಟಗಳ ಜೊತೆಗೆ, ಮತ್ತೆ ಏಳದ ಕೂಸುಗಳ ಪಟಗಳೂ ಇವೆ. ಆ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 150 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಬದುಕಿದ್ದಾಗ ಪಟ ತೆಗೆಸಲು ಆಗದಿದ್ದವರು ಹೋದಮೇಲಾದರೂ ಒಂದು ನೆನಪಿರಲಿ ಎಂದು ತೆಗೆಸಿಕೊಳ್ಳುತ್ತಿದ್ದರು. ಈ ಸಂಗತಿಯನ್ನು ಎಲ್ಲೋ ಕೇಳಿದವರು ಮುಸುಕಿನ ತಾಯಿಯ ಪಟವನ್ನು ತೋರಿಸಿ "ಇದು ಸತ್ತ ಮಗು" ಎಂದು ಬೆಚ್ಚಿಬೀಳಿಸುವುದುಂಟು. ಹಾಗಲ್ಲ. ಸತ್ತ ಕೂಸು ಅಲ್ಲಾಡುವುದಿಲ್ಲ, ಅದನ್ನು ಹಿಡಿದುಕೊಳ್ಳಲು ಯಾರೂ ಬಟ್ಟೆ ಹೊದ್ದು ಕೂರಬೇಕಾಗಿಲ್ಲ. ಮುಸುಕು ಇದೆಯೆಂದರೆ ಕೂಸು ಬದುಕಿ, ಒದ್ದಾಡುತ್ತಿತ್ತೆಂದೇ ಅರ್ಥ.

ಮುಸುಕಿನೊಳಗೆ ಯಾವಾಗಲೂ ತಾಯಿಯೇ ಇದ್ದಳೆಂದೂ ಹೇಳಲಾಗದು. ಸ್ಟುಡಿಯೋದ ಸಹಾಯಕಿ ಇರಬಹುದು, ಅಪರೂಪಕ್ಕೆ ಅಪ್ಪ ಇರಬಹುದು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಿಳಿಯರ ಕೂಸುಗಳನ್ನು ಹಿಡಿದು ಕೂತವರು ಎಷ್ಟೋ ವೇಳೆ ಕಪ್ಪು ಹೆಂಗಸರು, ಮೊದಲು ಗುಲಾಮರಾಗಿದ್ದವರು. ನಮ್ಮ ದೇಶದಲ್ಲಿ ಆ ಜಾಗದಲ್ಲಿ ಆಯಾ ಇದ್ದಳು. ಬ್ರಿಟಿಷ್ ಅಧಿಕಾರಿಗಳ ಮನೆಯ ಕೂಸುಗಳ ಪಟಗಳಲ್ಲಿ ಆಯಾಗೆ ಮುಸುಕು ಹಾಕಿರುವುದಿಲ್ಲ. ಸೀರೆಯುಟ್ಟು, ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನೇರವಾಗಿ ಕೂತಿರುತ್ತಾಳೆ. ಆದರೆ ಪಟದ ಕೆಳಗೆ ಕೂಸಿನ ಹೆಸರು, ಹುಟ್ಟಿದ ದಿನ ಬರೆದಿರುತ್ತಾರೆ, ಪಕ್ಕದಲ್ಲಿ 'ಆಯಾ' ಎಂದಷ್ಟೆ. ಮುಖ ಮುಚ್ಚುವುದಕ್ಕೆ ಬಟ್ಟೆಯೇ ಬೇಕೆಂದೇನಿಲ್ಲ.

ಹೀಗೆಂದು ಆ ತಾಯಂದಿರ ಬಗ್ಗೆ ಸುಮ್ಮನೆ ಮರುಗುವುದಕ್ಕೂ ನನ್ನ ಮನಸ್ಸು ಒಪ್ಪುವುದಿಲ್ಲ. ಕೂಸಿನ ಪಟವನ್ನು ಅಂದು ದೂರದ ನೆಂಟರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಚಿಕ್ಕ ಚೌಕಟ್ಟಿಗೆ ಸೇರಿಸಿ ಮೇಜಿನ ಮೇಲಿಡುತ್ತಿದ್ದರು. ಚೌಕಟ್ಟಿನ ಅಂಡಾಕಾರದ ಕಾಗದ ಮೇಲೆ ಬಂದರೆ ತಾಯಿಯ ಭುಜ, ತಲೆ ಎಲ್ಲ ಮರೆಯಾಗಿ ಕೂಸೊಂದೇ ಉಳಿಯುತ್ತಿತ್ತು. ಆ ಕಾಗದ ಕಾಲಾಂತರದಲ್ಲಿ ಕಳಚಿಬಿದ್ದದ್ದರಿಂದಲೇ ಎಷ್ಟೋ ತಾಯಂದಿರು ಇಂದು ನಮ್ಮ ಕಣ್ಣಿಗೆ ಬೀಳುತ್ತಿರುವುದು. ಕೂಸೊಂದೇ ಇರುವ ಪಟ ಬೇಕೆಂದು ಆಸೆಪಟ್ಟವಳು ಆ ತಾಯಿಯೇ ಇದ್ದಿರಬಹುದು. ಮುಸುಕಿನೊಳಗೆ ಸೆಕೆಯಲ್ಲಿ ಕೂತು, "ಸ್ವಲ್ಪ ತಡಿ ಪುಟ್ಟಾ, ಆಯ್ತು ಆಯ್ತು" ಎಂದು ತನ್ನ ಭಾಷೆಯಲ್ಲಿ ಪಿಸುಗುಟ್ಟಿರಬಹುದು. ಕೂಸಿನ ಮುಖದಲ್ಲಿ ಹೆದರಿಕೆ ಕಾಣದಿರುವುದಕ್ಕೆ ಆ ದನಿ, ಆ ಮೈಯ ಬಿಸಿ ಬಿಟ್ಟರೆ ಬೇರೆ ಕಾರಣ ನನಗೆ ತೋಚುವುದಿಲ್ಲ.

ತೀರ್ಥಹಳ್ಳಿಯ ಕಡೆಯ ನಮ್ಮಜ್ಜಿಯ ಮನೆಯ ಪಡಸಾಲೆಯಲ್ಲಿ ದೊಡ್ಡಮಾವನ ಎಳೆತನದ ಪಟವೊಂದಿತ್ತು. ಕೊರಳಿಗೆ ಸರ, ಕಾಲಿಗೆ ಗೆಜ್ಜೆ, ಕೆನ್ನೆಯ ಮೇಲೆ ದೊಡ್ಡ ದೃಷ್ಟಿಬೊಟ್ಟು. ಪಟದ ಎಡಗಡೆಯ ಅಂಚಿನಲ್ಲಿ ನಾಲ್ಕು ಬಳೆ ತೊಟ್ಟ ಮುಂಗೈ. ಅಲ್ಲಿಗೆ ಚೌಕಟ್ಟು ಮುಗಿಯುತ್ತಿತ್ತು. "ಅಜ್ಜೀ, ನಿನ್ನ ಹಳೇ ಫೋಟೋ ಒಂದೂ ಇಲ್ವಾ?" ಎಂದು ಕೇಳಿದರೆ ಅಜ್ಜಿ ಆ ಬಳೆಗಳ ಕಡೆ ಬೊಟ್ಟು ಮಾಡಿ "ಅಲ್ಲಿದೀನಲ್ಲೇ, ಕಾಣಲ್ವಾ?" ಎನ್ನುತ್ತಿದ್ದಳು. ಅದರಲ್ಲಿ ಅವಳಿಗೆ ಬೇಸರವಿದ್ದಂತೆ ನನಗೆ ಕಾಣಲಿಲ್ಲ, ತಮಾಷೆಯಂತೂ ಇತ್ತು.

ಆ ಪಟ ತೆಗೆಸುವ ಹೊತ್ತಿಗೆ ಮಾವನಿಗೆ ಎಂಟು ತಿಂಗಳು ದಾಟಿತ್ತಂತೆ. ಅದಕ್ಕೆ ಮುಂಚೆ ಯಾರೂ ಒಪ್ಪುತ್ತಿರಲಿಲ್ಲ. ನಮ್ಮಲ್ಲಿ ಹಸುಗೂಸೆಂದರೆ ಬಾಣಂತಿ ಕೋಣೆಯ ಆಸ್ತಿ. ಹುಟ್ಟಿದ ಕೂಸನ್ನು ಹಳೆಯ ಮೆತ್ತನೆಯ ಬಟ್ಟೆ ಹಾಸಿದ ಮೊರದಲ್ಲಿ ಮಲಗಿಸುತ್ತಿದ್ದರು. ಮೊರ ನೆಲದ ಮೇಲೇ ಇರುವುದರಿಂದ ಬೀಳುವ ಮಾತೇ ಇಲ್ಲ. ಹನ್ನೊಂದನೆಯ ದಿನವೋ ಹನ್ನೆರಡನೆಯ ದಿನವೋ ಹೆಸರಿಟ್ಟು ತೊಟ್ಟಿಲಿಗೆ ಹಾಕಿದರೂ, ಕೂಸನ್ನು ನೋಡಲು ಬಂದವರು ಬಾಗಿಲಲ್ಲೇ ಕಾಲು ತೊಳೆಯಬೇಕು. ಹೊರಗಿನಿಂದ ಬಂದವರು ಸ್ವಲ್ಪ ಹೊತ್ತು ಕೂತು ಮೈ ಆರಿಸಿಕೊಂಡು ಆಮೇಲೆ ಒಳಗೆ ಹೋಗಬೇಕು. ಫೋಟೋ ತೆಗೆದರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಮಾತೂ ಇತ್ತು. ಆ ಮಾತು ಸುಳ್ಳು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಸುಳ್ಳಿನ ನೆರಳಿನಲ್ಲಿ ಒಂದಿಷ್ಟು ಕೂಸುಗಳು ಅಪರಿಚಿತರ ಕೈ, ಕೆಮ್ಮು, ಧೂಳುಗಳಿಂದ ದೂರ ಉಳಿದವು. ಬಾಣಂತಿ ಕೋಣೆಯ ಎಲ್ಲವನ್ನೂ ಹೊಗಳುತ್ತಿಲ್ಲ. ಗಾಳಿಯಾಡದ ಕೋಣೆಯಲ್ಲಿ ಹಸುಗೂಸಿಗೆ ಕೊಟ್ಟ ಸಾಂಬ್ರಾಣಿ ಹೊಗೆ ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಹೆಂಗಸರೇ ಕ್ಯಾಮೆರಾದ ಮುಂದೆ ಬರಲು ಹಿಂಜರಿಯುತ್ತಿದ್ದ ಕಾಲ ಅದು. ಲಾಲಾ ದೀನ್ ದಯಾಳ್ 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದು ಅದನ್ನು ಒಬ್ಬ ಇಂಗ್ಲಿಷ್ ಮಹಿಳೆಯ ಕೈಗೆ ಒಪ್ಪಿಸಿದ್ದು ಇದೇ ಕಾರಣಕ್ಕೆ. ಪರದೆಯ ಹಿಂದಿನ ತಾಯಿ ಅಲ್ಲಿಗೆ ನಿಶ್ಚಿಂತೆಯಿಂದ ಹೋಗಬಹುದಾಗಿತ್ತು.

ಕ್ಯಾಮೆರಾದ ಹಿಂದೆ ಹೆಂಗಸು ನಿಂತ ಮಾತ್ರಕ್ಕೆ ಮಕ್ಕಳಿಗೆ ಸುಖವಾಯಿತೆಂದು ತಿಳಿಯಬೇಡಿ. 1815ರಲ್ಲಿ ನಮ್ಮ ಕಲ್ಕತ್ತದಲ್ಲೇ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಎಂಬಾಕೆಯ ಕಥೆ ಕೇಳಿ. ಹೆಸರಿನಲ್ಲೇ ಕ್ಯಾಮೆರಾ ಇದ್ದರೂ ಕೈಗೆ ಕ್ಯಾಮೆರಾ ಬಂದದ್ದು 48ನೆಯ ವಯಸ್ಸಿನಲ್ಲಿ, ಮಗಳು ಅಳಿಯ ಉಡುಗೊರೆ ಕೊಟ್ಟಾಗ. ಇಂಗ್ಲೆಂಡಿನ ವೈಟ್ ದ್ವೀಪದ ತನ್ನ ಮನೆಯ ಕೋಳಿಗೂಡನ್ನೇ ಸ್ಟುಡಿಯೋ ಮಾಡಿಕೊಂಡಳು. ಕೋಳಿಗಳನ್ನು ಹೊರಗೆ ಬಿಟ್ಟು ಮಕ್ಕಳನ್ನು ಒಳಗೆ ತಂದಳು ಎನ್ನಿ! ಮನೆಗೆಲಸದ ಹುಡುಗಿಯನ್ನು ಮೇರಿಮಾತೆ ಮಾಡಿ, ನೆರೆಹೊರೆಯ ಮಕ್ಕಳನ್ನು ದೇವದೂತರನ್ನಾಗಿಸಿ ಆಕೆ ತೆಗೆದ ಪಟಗಳು ಇಂದು ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಒಂದೊಂದು ಪಟಕ್ಕೆ ಮೂರರಿಂದ ಏಳು ನಿಮಿಷದವರೆಗೂ ಮಕ್ಕಳು ಕೂರಬೇಕಾಗುತ್ತಿತ್ತು. 1865ರಲ್ಲಿ ಎರಡು ವರ್ಷದ ಮೊಮ್ಮಗ ಆರ್ಚಿಯ ಪಟವನ್ನು ಆತ ಮಲಗಿದ್ದಾಗಲೇ ತೆಗೆದಿದ್ದಾಳೆ. ಅಜ್ಜಿಗೆ ಅಷ್ಟು ವಿವೇಕ ಇತ್ತು. ಆದರೆ 1872ರ ಒಂದು ಪ್ರಸಿದ್ಧ ಪಟದಲ್ಲಿ ರೇಚಲ್ ಗರ್ನಿ ಎಂಬ ಪುಟ್ಟ ಹುಡುಗಿ ಬೆನ್ನಿಗೆ ರೆಕ್ಕೆ ಕಟ್ಟಿಕೊಂಡು, ಮಡಿಚಿದ ಕೈಗಳ ಮೇಲೆ ಗಲ್ಲವಿಟ್ಟು, ಎಂಥ ಮುಖ ಮಾಡಿಕೊಂಡಿದ್ದಾಳೆ ಎಂದರೆ, ಸ್ವರ್ಗದಲ್ಲಿ ಇಷ್ಟು ಬೇಜಾರೇ ಎಂದು ಕೇಳಬೇಕೆನಿಸುತ್ತದೆ. ಆ ಹುಡುಗಿಯ ಸೋದರಿ ಲಾರಾ ದೊಡ್ಡವಳಾದ ಮೇಲೆ ತನ್ನ ನೆನಪುಗಳನ್ನು ಬರೆದಳು. ಹಂಸದ ಭಾರವಾದ ರೆಕ್ಕೆಗಳನ್ನು ತಮ್ಮ ಎಳೆಯ ಭುಜಗಳಿಗೆ ಬಿಗಿಯುತ್ತಿದ್ದುದು, ನೀಟಾಗಿ ಬಾಚಿದ ಕೂದಲನ್ನು ಆ ಅಜ್ಜಿ ಕೈಯಾರೆ ಕೆದರುತ್ತಿದ್ದುದು ಎಲ್ಲ ಅದರಲ್ಲಿದೆ. ಪಟ ತೆಗೆಸಿಕೊಂಡ ಮಗು ಮುಂದೆ ಬಾಯಿಬಿಟ್ಟು ಹೇಳಿದ್ದು ಅಪರೂಪ. ಹಸುಗೂಸುಗಳಂತೂ ಎಂದೂ ಹೇಳುವುದಿಲ್ಲ.

1880ರ ಹೊತ್ತಿಗೆ ಒಣ ಲೇಪದ ಗಾಜುಗಳು ಬಂದು ಯಂತ್ರ ಚುರುಕಾಯಿತು. ಸೆಕೆಂಡಿನ ಒಂದು ಭಾಗ ಸಾಕಾಯಿತು. 1888ರಲ್ಲಿ ಕೊಡಕ್ ಕ್ಯಾಮೆರಾ, 1900ರಲ್ಲಿ ಒಂದು ಡಾಲರಿನ ಬ್ರೌನಿ ಬಂದಾಗ ತಾಯಿ ಮುಸುಕಿನಿಂದ ಹೊರಗೆ ಬಂದು ಕ್ಯಾಮೆರಾದ ಹಿಂದೆ ನಿಂತಳು. ಕಂಪನಿಯವರು ಜಾಹೀರಾತುಗಳಲ್ಲಿ ಹೆಂಗಸರ ಕೈಗೇ ಕ್ಯಾಮೆರಾ ಕೊಟ್ಟರು. ಈ ಬದಲಾವಣೆಯಲ್ಲಿ ಒಂದು ಸ್ವಾರಸ್ಯವಿದೆ: ಕೆಳಗೆ ಕೂತಿದ್ದಾಗಲೂ ಅವಳು ಪಟದಲ್ಲಿರಲಿಲ್ಲ, ಹಿಂದೆ ನಿಂತ ಮೇಲೂ ಪಟದಲ್ಲಿಲ್ಲ! ಆದರೆ ಕೂಸಿಗೆ ಮಾತ್ರ ಬಿಡುಗಡೆ ಸಿಕ್ಕಿತು. ಅದು ಅಂಗಳದಲ್ಲಿ ತನ್ನಷ್ಟಕ್ಕೆ ಆಡುತ್ತಿರುವಾಗಲೇ ಪಟ ಸಿಗುವಂತಾಯಿತು.

ಬೆಳಕಿನ ಕಾಟ ಮಾತ್ರ ಇನ್ನೂ ಇತ್ತು. 1887ರಲ್ಲಿ ಜರ್ಮನಿಯಲ್ಲಿ ಬಂದ ಮೆಗ್ನೀಸಿಯಂ ಪುಡಿ ಹೊತ್ತಿಸಿದರೆ 'ಢಬ್' ಎಂದು ಬೆಂಕಿ, ಕಣ್ಣು ಕುಕ್ಕುವ ಬೆಳಕು, ಕೋಣೆತುಂಬ ಬಿಳಿ ಹೊಗೆ. ಅದರಿಂದ ಮನೆಗೆ ಬೆಂಕಿ ಬಿದ್ದದ್ದುಂಟು, ಛಾಯಾಗ್ರಾಹಕರ ಕೈ ಸುಟ್ಟದ್ದುಂಟು. 1930ರ ಸುಮಾರಿಗೆ ಗಾಜಿನ ಬುರುಡೆಯೊಳಗೆ ಉರಿಯುವ ಫ್ಲಾಶ್ ಬಲ್ಬುಗಳು ಬಂದ ಮೇಲೆ ಆ ಪುಡಿ ಮೂಲೆ ಸೇರಿತು. ಫ್ಲಾಶಿನಿಂದ ಕೂಸಿನ ಕಣ್ಣು ಹೋಗುತ್ತದೆ ಎಂದು ಹೆದರುವ ಅಜ್ಜಿಯರು ಇದ್ದಾರೆ. ಚೀನಾದಲ್ಲಿ ಹಾಗಾಯಿತೆಂಬ ಸುದ್ದಿ 2015ರಲ್ಲಿ ಜಗತ್ತೆಲ್ಲ ಸುತ್ತಿ ಬಂತು. ಕಣ್ಣಿನ ವೈದ್ಯರು ಅದನ್ನು ಒಪ್ಪಲಿಲ್ಲ. ಸಾಮಾನ್ಯ ಫ್ಲಾಶಿಗೆ ಕಣ್ಣು ಹೋಗುವುದಿಲ್ಲ. ಕೂಸು ಬೆಚ್ಚಿಬೀಳುವುದು ನಿಜ. ಕಿಟಕಿಯ ಬೆಳಕಿಗೆ ಆ ದೋಷವೂ ಇಲ್ಲ.

ಕೂಸಿನ ಕಡೆಯಿಂದ ಯೋಚಿಸಿದವರೂ ಇದ್ದರು. ಲಂಡನ್ನಿನಲ್ಲಿ ಮಾರ್ಕಸ್ ಆಡಮ್ಸ್ ಎಂಬ ಛಾಯಾಗ್ರಾಹಕ 1920ರ ದಶಕದಲ್ಲಿ ಮಕ್ಕಳಿಗೆಂದೇ ಸ್ಟುಡಿಯೋ ಇಟ್ಟುಕೊಂಡಿದ್ದ. ಅವನ ಕ್ಯಾಮೆರಾ ಕ್ಯಾಮೆರಾದಂತೆ ಕಾಣುತ್ತಲೇ ಇರಲಿಲ್ಲ. ಅದನ್ನು ಆಟಿಕೆ ಇಡುವ ಪೆಟ್ಟಿಗೆಯ ಹಾಗೆ ಮಾಡಿಸಿದ್ದ. ಮಗು ಆಡುತ್ತ ಕೂತಿರುವಾಗ ಪಕ್ಕದಲ್ಲಿ ತಾನೂ ಆಡುತ್ತಿರುವಂತೆ ನಟಿಸಿ ಗುಂಡಿ ಒತ್ತುತ್ತಿದ್ದ. 1926ರ ಡಿಸೆಂಬರಿನಲ್ಲಿ ಅವನ ಮುಂದೆ ಕೂತ ಎಂಟು ತಿಂಗಳ ಒಂದು ಕೂಸು ಮುಂದೆ ಎರಡನೆಯ ಎಲಿಜಬೆತ್ ರಾಣಿಯಾಯಿತು. ನಮ್ಮವರಲ್ಲಿ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರು ಮಕ್ಕಳನ್ನು ಸ್ಟುಡಿಯೋಗೆ ಕರೆಯಲಿಲ್ಲ, ಮಕ್ಕಳಿದ್ದಲ್ಲಿಗೆ ತಾವೇ ಹೋದರು. 1979ರ ಅಂತಾರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರು ತೆಗೆದ ಮಕ್ಕಳ ಪಟಗಳ ಪ್ರದರ್ಶನ ನಡೆಯಿತು.

ನಮ್ಮ ಊರುಗಳ ಸ್ಟುಡಿಯೋಗಳದ್ದು ಬೇರೆಯೇ ಸಂಪ್ರದಾಯ. ಬೆಟ್ಟ, ಸರೋವರ ಬರೆದ ಪರದೆ, ಮುಂದೆ ಮೇಜಿನ ಮೇಲೆ ಮೆತ್ತೆ, ಮೆತ್ತೆಯ ಮೇಲೆ ಬೋರಲು ಬಿದ್ದು ತಲೆ ಎತ್ತಿದ ಬರಿಮೈ ಕೂಸು. ನಿಮ್ಮ ಮನೆಯ ಆಲ್ಬಮ್ಮಿನಲ್ಲೂ ಒಂದು ಇದ್ದೇ ಇರುತ್ತದೆ; ಅದನ್ನು ಮದುವೆಯ ಮಾತುಕತೆಗೆ ಬಂದವರಿಗೆ ತೋರಿಸಿ ಮಗನನ್ನು ಪೇಚಿಗೆ ಸಿಕ್ಕಿಸಿದ ತಾಯಂದಿರೂ ಇದ್ದಾರೆ. ಆ ಭಂಗಿಯಲ್ಲಿ ಒಂದು ಜಾಣತನವಿತ್ತು. ಕೂಸು ತಾನಾಗಿ ಮಗುಚಿ, ತಾನಾಗಿ ತಲೆ ಎತ್ತುವ ನಾಲ್ಕೈದನೆಯ ತಿಂಗಳಿನಲ್ಲೇ ಅದನ್ನು ತೆಗೆಸುತ್ತಿದ್ದರು. ಕೂಸಿಗೆ ಬರದ ವಿದ್ಯೆಯನ್ನು ಯಾರೂ ಅದರಿಂದ ಮಾಡಿಸುತ್ತಿರಲಿಲ್ಲ. ಮೇಜಿನ ಅಂಚಿನಲ್ಲಿ ಅಪ್ಪ ಕೈ ಚಾಚಿ ನಿಂತಿರುತ್ತಿದ್ದರು, ತಾಯಿ ಗಿಲಕಿ ಆಡಿಸುತ್ತಿದ್ದಳು. ಕ್ಯಾಮೆರಾದವನು ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ. ಇಲ್ಲಿ ಮುಸುಕು ಅವನಿಗೆ!

ಹತ್ತು ಹದಿನೈದು ದಿನದ ಹಸುಗೂಸನ್ನೇ ಪಟಕ್ಕೆ ಎಳೆದು ತಂದ ಗೀಳು ಈಚಿನದು. ಆಸ್ಟ್ರೇಲಿಯಾದಲ್ಲಿ ಹುಟ್ಟಿ ನ್ಯೂಜಿಲೆಂಡಿನಲ್ಲಿ ಕೆಲಸ ಮಾಡಿದ ಆನ್ ಗೆಡ್ಡಿಸ್ ಎಂಬಾಕೆ ಕೂಸುಗಳನ್ನು ಹೂವಿನೊಳಗೆ, ಕುಂಡದೊಳಗೆ, ಕೋಸಿನ ಎಲೆಗಳ ನಡುವೆ ಇಟ್ಟು ತೆಗೆದ ಪಟಗಳ ಪುಸ್ತಕ 1996ರಲ್ಲಿ ಬಂತು. ಆ ಪಟಗಳು ಕ್ಯಾಲೆಂಡರುಗಳಾಗಿ, ಶುಭಾಶಯ ಪತ್ರಗಳಾಗಿ ನಮ್ಮ ಜಿಲ್ಲಾಕೇಂದ್ರಗಳ ಅಂಗಡಿಗಳವರೆಗೂ ಬಂದವು, ಹೆರಿಗೆ ಆಸ್ಪತ್ರೆಗಳ ಗೋಡೆ ಏರಿದವು. ಅವುಗಳ ಹಿಂದೆ ಎಷ್ಟು ತಯಾರಿ, ಎಷ್ಟು ಜನ ಸಹಾಯಕರು ಇದ್ದರೆಂಬುದು ಕ್ಯಾಲೆಂಡರಿನಲ್ಲಿ ಎಲ್ಲಿ ಕಾಣಬೇಕು? ಮುಂದೆ ಅಮೆರಿಕದಲ್ಲಿ ಹಸುಗೂಸಿನ ಫೋಟೋ ತೆಗೆಯುವುದೇ ಒಂದು ಬೇರೆ ಕಸುಬಾಯಿತು. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಗೂ ಬಂತು. ಅದರ ಜೊತೆಗೇ ಬಂದದ್ದು 'ಕಪ್ಪೆ ಭಂಗಿ'. ಕೂಸು ಮೊಣಕೈಗಳನ್ನು ಊರಿ, ಅಂಗೈಗಳಲ್ಲಿ ಗಲ್ಲವಿಟ್ಟುಕೊಂಡು, ಕಣ್ಣು ಮುಚ್ಚಿ, ಚಿಂತಾಮಗ್ನ ಪಂಡಿತರಂತೆ ಕೂತಿರುತ್ತದೆ. ಎಂಥ ಮುದ್ದು ಅನ್ನಿಸುತ್ತದೆ, ನಿಜ. ಆದರೆ ಯಾವ ಹಸುಗೂಸೂ ಹಾಗೆ ಕೂರಲಾರದು. ಕೂತಿಲ್ಲ ಕೂಡ.

ಅದು ಒಂದು ಪಟವಲ್ಲ, ಎರಡು. ಮೊದಲನೆಯ ಪಟದಲ್ಲಿ ಸಹಾಯಕಿಯ ಬೆರಳುಗಳು ಮೇಲಿನಿಂದ ಕೂಸಿನ ತಲೆಯನ್ನು ಹಿಡಿದಿರುತ್ತವೆ. ಎರಡನೆಯದರಲ್ಲಿ ತಲೆ ಬಿಟ್ಟು ಕೆಳಗೆ ಮಣಿಕಟ್ಟುಗಳನ್ನು ಹಿಡಿದಿರುತ್ತವೆ, ಅಷ್ಟರಲ್ಲಿ ಇನ್ನೊಂದು ಕೈ ತಲೆಯನ್ನು ಆತುಕೊಂಡಿರುತ್ತದೆ. ಕೂಸನ್ನು ಒಂದು ಗಳಿಗೆಯೂ ಬಿಡುವುದಿಲ್ಲ. ಆಮೇಲೆ ಕಂಪ್ಯೂಟರಿನಲ್ಲಿ ಒಂದರ ಮೇಲರ್ಧ, ಇನ್ನೊಂದರ ಕೆಳಗಿನರ್ಧ ಸೇರಿಸಿ ಬೆರಳುಗಳನ್ನು ಅಳಿಸುತ್ತಾರೆ. ಜೋಲಿಯಲ್ಲಿ ತೂಗುವ ಕೂಸಿನ ಪಟವೂ ಹೀಗೆಯೇ: ಕೂಸು ಮೆತ್ತೆಯ ಮೇಲೆ ಭದ್ರವಾಗಿ ಮಲಗಿರುತ್ತದೆ, ಕೊಂಬೆ ಬೇರೆ ಪಟದಿಂದ ಬಂದಿರುತ್ತದೆ. ನೂರೈವತ್ತು ವರ್ಷ ಹಿಂದಿನ ಹೂವಿನ ಬಟ್ಟೆ ಮಾಡುತ್ತಿದ್ದ ಕೆಲಸವನ್ನು ಕಂಪ್ಯೂಟರು ಮಾಡಿತು. ಒಂದು ವ್ಯತ್ಯಾಸ ಮಾತ್ರ ಇದೆ, ನನಗೆ ಅದೇ ದೊಡ್ಡದು. ಆ ಬಟ್ಟೆಯಡಿಯಲ್ಲಿ ಯಾರೋ ಇದ್ದಾರೆಂದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಈ ಪಟ ನೋಡಿದವರಿಗೆ ತಿಳಿಯುವುದಿಲ್ಲ. ಕೂಸು ತಾನೇ ಕೂತಿದೆ ಎಂದುಕೊಂಡು, ಮೊಬೈಲು ಹಿಡಿದು, ತಮ್ಮ ಕೂಸನ್ನೂ ಹಾಗೆ ಕೂರಿಸಲು ಹೋಗುತ್ತಾರೆ.

ನಮ್ಮ ಬೀದಿಯಲ್ಲೇ ಒಂದು ಮನೆಯಲ್ಲಿ ಇಪ್ಪತ್ತು ದಿನದ ಕೂಸನ್ನು ಹೂವು ತುಂಬಿದ ಹಿತ್ತಾಳೆ ಉರುಳಿಯಲ್ಲಿ ಮಲಗಿಸಿ, ಬೆಳಕು ಚೆನ್ನಾಗಿ ಬೀಳಲೆಂದು ಉರುಳಿಯನ್ನು ಸ್ಟೂಲಿನ ಮೇಲೆ ಏರಿಸಿದ್ದರು. ಕೂಸು ಕಾಲು ಝಾಡಿಸಿದ್ದೇ ತಡ, ದುಂಡಗಿನ ತಳದ ಉರುಳಿ ವಾಲಿತು. ಅತ್ತೆ ಹತ್ತಿರವೇ ನಿಂತಿದ್ದರಿಂದ ಸೆರಗಿನಲ್ಲಿ ಹಿಡಿದಂತೆ ಹಿಡಿದುಕೊಂಡರು. ಎಲ್ಲರೂ ತಿಳಿದವರೇ, ಕೂಸಿನ ಮೇಲೆ ಪ್ರಾಣವಿಟ್ಟವರೇ. ಮೊಬೈಲಿನಲ್ಲಿ ನೋಡಿದ ಪಟದಲ್ಲಿ ಉರುಳಿಯನ್ನು ಹಿಡಿದಿದ್ದ ಕೈ ಅವರಿಗೆ ಕಂಡಿರಲಿಲ್ಲ, ಅಷ್ಟೆ.

ಹಸುಗೂಸಿನ ಮೈಯ ಕಟ್ಟನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ಅದರ ತಲೆಯೇ ಉದ್ದದ ಕಾಲುಭಾಗ. ಅಷ್ಟು ಭಾರವನ್ನು ಹೊರುವ ಶಕ್ತಿ ಕತ್ತಿಗೆ ಬರಲು ಮೂರು ನಾಲ್ಕು ತಿಂಗಳು ಬೇಕು. ಗಲ್ಲ ಎದೆಗೆ ಒತ್ತಿಕೊಂಡರೆ ಮೃದುವಾದ ಉಸಿರಿನ ಕೊಳವೆ ಮಡಿಚಿಕೊಳ್ಳುತ್ತದೆ. ಕೂಸು ಅಳುವುದಿಲ್ಲ, ಒದ್ದಾಡುವುದಿಲ್ಲ, ಮಲಗಿದಂತೆಯೇ ಕಾಣುತ್ತದೆ. ಬೋರಲು ಮಲಗಿಸುವುದರ ಕಥೆಯೂ ಹಾಗೆಯೇ. ಕಾರಣ ತಿಳಿಯದೆ ನಿದ್ದೆಯಲ್ಲೇ ತೀರಿಕೊಳ್ಳುವ ಕೂಸುಗಳ ಬಗ್ಗೆ ತಲೆ ಕೆಡಿಸಿಕೊಂಡ ಅಮೆರಿಕದ ಮಕ್ಕಳ ವೈದ್ಯರು ಕೂಸನ್ನು ಬೋರಲು ಮಲಗಿಸಬೇಡಿ ಎಂದು 1992ರಲ್ಲಿ ಹೇಳಿದರು, 1994ರಿಂದ ಅಂಗಾತ ಮಲಗಿಸಿ ಎಂದು ದೇಶವಿಡೀ ಪ್ರಚಾರ ನಡೆಯಿತು. ಮುಂದಿನ ವರ್ಷಗಳಲ್ಲಿ ಅಂಥ ಸಾವು ಅರ್ಧಕ್ಕಿಂತ ಕೆಳಗೆ ಇಳಿಯಿತು. ಕೆನ್ನೆಯಡಿ ಕೈಯಿಟ್ಟು ಬೋರಲು ಮಲಗಿದ ಪಟವನ್ನು ಪಟದ ಹೊತ್ತಿಗೆ, ಮೈಮೇಲೆ ಕೈಯಿಟ್ಟುಕೊಂಡೇ ತೆಗೆಯಬೇಕು. ಪಟ ಮುಗಿದು ಎಲ್ಲರೂ ಕಾಫಿಗೆ ಎದ್ದಾಗ ಕೂಸು ಹಾಗೆಯೇ ಉಳಿದುಬಿಡಬಾರದು.

ಹೋದ ವರ್ಷ ಅಕ್ಕನ ಮಗಳ ಬಾಣಂತನಕ್ಕೆಂದು ಅಕ್ಕನ ಮನೆಯಲ್ಲಿದ್ದೆ. ಹದಿನಾಲ್ಕನೆಯ ದಿನ ಫೋಟೋದವಳು ಬರುತ್ತಾಳೆ ಎಂದು ಮಗಳು ಹೇಳಿದಾಗ ಅಕ್ಕ ಮುಖ ಗಂಟಿಕ್ಕಿದಳು. ಬಂದವಳು ಇಪ್ಪತ್ತೆಂಟರ ಹುಡುಗಿ, ಜೊತೆಗೆ ಸಹಾಯಕ್ಕೆ ಅವಳ ತಂಗಿ. ಬಂದವಳೇ ಉಂಗುರ, ಗಡಿಯಾರ ಬಿಚ್ಚಿಟ್ಟು ಮೊಣಕೈವರೆಗೂ ಕೈ ತೊಳೆದಳು. ಅಕ್ಕನ ಗಂಟು ಅರ್ಧ ಸಡಿಲವಾಯಿತು. ನೆಗಡಿ ಇದ್ದವರು ಕೋಣೆಗೆ ಬರಬೇಡಿ ಎಂದಳು, ಅಳಿಯನನ್ನೇ ಹೊರಗೆ ಕಳಿಸಿದಳು. ಇನ್ನರ್ಧವೂ ಸಡಿಲವಾಯಿತು.

ಫ್ಯಾನು ಆರಿಸಿ, ಕೋಣೆ ಬೆಚ್ಚಗಾದ ಮೇಲೆಯೇ ಕೂಸಿನ ಬಟ್ಟೆ ಬಿಚ್ಚಿಸಿದಳು. ಹಸುಗೂಸಿಗೆ ನಮ್ಮಂತೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದರ ಮೈ 36.5ರಿಂದ 37.5 ಡಿಗ್ರಿಯೊಳಗೆ ಇರಬೇಕು. ಹೆರಿಗೆ ಕೋಣೆಗೆ ಅವರು ಹೇಳುವ ಬಿಸಿ 25ರಿಂದ 28 ಡಿಗ್ರಿ. ನಮ್ಮ ಬೇಸಗೆಯಲ್ಲಿ ತಣ್ಣಗಾಗುವುದಕ್ಕಿಂತ ಹೀಟರಿನಿಂದ ಕಾಯುವುದೇ ಹೆಚ್ಚು ಎಂದು ಆ ಹುಡುಗಿ ಹೇಳಿದ್ದು ನನಗೆ ಹಿಡಿಸಿತು. ಕೂಸಿನ ಕತ್ತಿನ ಹಿಂದೆ ಆಗಾಗ ಕೈಯಿಟ್ಟು ನೋಡುತ್ತಿದ್ದಳು. ಬಟ್ಟೆ ಸುತ್ತಿದಾಗ ಬೆರಳು ನೀಲಿಯಾದರೆ ಕೂಡಲೇ ಬಿಚ್ಚಿ ನೀವುತ್ತಿದ್ದಳು. ಕಾಲುಗಳನ್ನು ನೇರ ಎಳೆದು ಬಿಗಿದು ಸುತ್ತುವುದು ಸೊಂಟದ ಕೀಲಿಗೆ ಒಳ್ಳೆಯದಲ್ಲವೆಂದು ಮಡಿಚಿದಂತೆಯೇ ಬಿಟ್ಟಳು. ಬುಟ್ಟಿ ತಂದಿದ್ದಳು, ಅದರ ತಳದಲ್ಲಿ ವಾಲದಂತೆ ಮರಳಿನ ಚೀಲ. ಬುಟ್ಟಿ ನೆಲದ ಮೇಲೆ, ಅದರ ಪಕ್ಕದಲ್ಲಿ ತಂಗಿ, ತಂಗಿಯ ಕೈ ಕೂಸಿನ ಮೈಮೇಲೆ. ಪಟ ತೆಗೆಯುವ ಗಳಿಗೆಗೆ ಕೈ ಒಂದು ಗೇಣು ಮೇಲೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕೂಸು ಮಿಸುಕಾಡಿದರೆ ಹಾಲು. ಮೂರು ಗಂಟೆಯಲ್ಲಿ ಐದು ಸಲ ಹಾಲಿಗೆ ಬಿಡುವು ಕೊಟ್ಟಳು.

"ನೀನು ಈ ಕೆಲಸ ಎಲ್ಲಿ ಕಲಿತೆಯಮ್ಮಾ?" ಎಂದು ಅಕ್ಕ ಕೇಳಿದಳು.

"ಫೋಟೋ ಬೆಂಗಳೂರಲ್ಲಿ ಕಲಿತೆ ಆಂಟಿ. ಮಗು ಹಿಡಿಯೋದು ನಮ್ಮಜ್ಜಿ ಹತ್ರ. ಅವರು ಊರಲ್ಲಿ ಹೆರಿಗೆ ಮಾಡಿಸ್ತಿದ್ರು."

ಸೂಲಗಿತ್ತಿಯ ಮೊಮ್ಮಗಳು ಎಂದು ತಿಳಿದ ಮೇಲೆ ಅಕ್ಕ ಮತ್ತೆ ಮಾತಾಡಲಿಲ್ಲ, ಎದ್ದು ಹೋಗಿ ಚಕ್ಕುಲಿ ತಂದಿಟ್ಟಳು.

ಈ ಕಸುಬಿಗೆ ನಮ್ಮಲ್ಲಿ ಯಾರು ಬೇಕಾದರೂ ಬೋರ್ಡು ಹಾಕಬಹುದು. ಮದುವೆಯ ಫೋಟೋ ತೆಗೆಯುವವರು ಮರುದಿನ ಹಸುಗೂಸಿನ ಫೋಟೋಕ್ಕೂ ಹೊರಟುಬಿಡಬಹುದು. ಆದ್ದರಿಂದ ಕರೆಯುವವರೇ ಬಾಯಿಬಿಟ್ಟು ಕೇಳಬೇಕು: ಜೊತೆಗೆ ಹಿಡಿಯುವವರು ಯಾರು ಬರುತ್ತಾರೆ, ಕಪ್ಪೆ ಭಂಗಿಯನ್ನು ಹೇಗೆ ತೆಗೆಯುತ್ತೀರಿ, ಕೂಸು ಒಪ್ಪದಿದ್ದರೆ ಏನು ಮಾಡುತ್ತೀರಿ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲೇ ಎಲ್ಲ ತಿಳಿಯುತ್ತದೆ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಡಾಕ್ಟರನ್ನು ಕೇಳದೆ ಈ ಉಸಾಬರಿಯೇ ಬೇಡ.

ಅಕ್ಕನ ಮಗಳಿಗೆ ಕಪ್ಪೆ ಭಂಗಿಯ ಪಟ ಬೇಕೇ ಬೇಕೆಂದಿತ್ತು. ಆ ಹುಡುಗಿ ಎರಡು ಸಲ ಪ್ರಯತ್ನಿಸಿದಳು. ಎರಡು ಸಲವೂ ಕೂಸು ಮಣಿಕಟ್ಟು ಕೊಡವಿಕೊಂಡು ಮುಖ ಕಿವುಚಿತು. ಮೂರನೆಯ ಸಲಕ್ಕೆ ಮಗಳು "ಇನ್ನೊಂದೇ ಒಂದು ಸಲ" ಎಂದಾಗ ಹುಡುಗಿ ಕೂಸನ್ನು ಎತ್ತಿ ತಾಯಿಯ ಹೆಗಲಿಗೆ ಹಾಕಿ, "ಇವಳಿಗೆ ಇಷ್ಟ ಇಲ್ಲ ಅಕ್ಕಾ, ಬಿಡೋಣ" ಎಂದು ಕ್ಯಾಮೆರಾವನ್ನು ಚೀಲಕ್ಕೆ ಹಾಕಿದಳು. ಅಷ್ಟು ಹೊತ್ತಿನ ಕೆಲಸಕ್ಕೆ ಉಳಿದದ್ದು ಒಂಬತ್ತು ಪಟ. ಒಪ್ಪಿದ ಹಣದಲ್ಲಿ ಒಂದಿಷ್ಟು ಕಡಿಮೆ ಮಾಡಿಕೊಳ್ಳಲೂ ಹೊರಟಳು, ಅಕ್ಕ ಬಿಡಲಿಲ್ಲ. ಅಕ್ಕತಂಗಿಯರಿಬ್ಬರೂ ಕಾಫಿ ಕುಡಿದು, ಮರಳಿನ ಚೀಲವನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟರು.